ಗುಹೆಯೊಳಗೆ ವರ್ಷದ ಸರಾಸರಿ

ಕೇಳುಗರಿಗೆಲ್ಲ ನಮಸ್ಕಾರ. ಕಾರವಾರದಲ್ಲಿ ಬಲೆ ಸರಿಮಾಡುತ್ತ ಕೇಳುತ್ತಿರುವವರಿಗೆ, ಸಿರ್ಸಿ ಕಡೆ ಅಡಿಕೆ ಸುಲಿಯುತ್ತ ರೇಡಿಯೋ ಹಚ್ಚಿಕೊಂಡವರಿಗೆ ಇವತ್ತು ನಾನು ಹೇಳುವುದು ಒಂದೇ ಮಾತು. ಗುಹೆ ತಂಪೂ ಅಲ್ಲ, ಬೆಚ್ಚಗೂ ಅಲ್ಲ. ಗುಹೆಯ ಬಿಸಿ ಅಂದರೆ ಆ ಊರಿನ ಹವೆಯ ಬಿಸಿಯ ವರ್ಷದ ಸರಾಸರಿ.

ಬಹಳ ವರ್ಷ ಭೂವಿಜ್ಞಾನ ಪಾಠ ಮಾಡಿದವನು ನಾನು. ದಾಂಡೇಲಿ ಕಾಡಿನ ಕವಳಾ ಗುಹೆಗೆ ಹುಡುಗರನ್ನು ಕರೆದುಕೊಂಡು ಹೋದಾಗಲೆಲ್ಲ ಒಬ್ಬನಾದರೂ "ಸರ್, ಒಳಗೆ ಏಸಿ ಹಾಕಿದ ಹಾಗಿದೆ" ಅನ್ನುತ್ತಿದ್ದ. ಏಪ್ರಿಲ್‌ನಲ್ಲಿ ಹೋದರೆ ಹಾಗೇ ಅನ್ನಿಸುತ್ತದೆ. ಜನವರಿಯ ನಸುಕಿನಲ್ಲಿ ಹೋಗಿ, ಅದೇ ಗುಹೆ ಕಂಬಳಿ ಹೊದ್ದ ಹಾಗಿರುತ್ತದೆ. ಬದಲಾದದ್ದು ಹೊರಗಿನ ಹವೆ, ಗುಹೆಯಲ್ಲ.

ಇದನ್ನು ನಾನು ಕಲಿತದ್ದು ಗುಹೆಯಲ್ಲಲ್ಲ, ನಮ್ಮ ಮನೆಯ ಬಾವಿಯಲ್ಲಿ. ಸಿರ್ಸಿ ಹತ್ತಿರ ನಮ್ಮ ಮನೆ. ಹಿತ್ತಿಲಲ್ಲಿ ಕೆಂಪುಕಲ್ಲು ಕಡಿದು ತೋಡಿದ, ನಲವತ್ತು ಅಡಿಯ ಬಾವಿ. ಮಾಗಿಯ ಚಳಿಯಲ್ಲಿ ಆಯಿ ನೀರು ಸೇದುವಾಗ "ತಮಾ, ಮುಟ್ಟಿ ನೋಡು, ಬೆಚ್ಚಗಿದ್ದು" ಅನ್ನುತ್ತಿದ್ದಳು. ಬೇಸಿಗೆಯಲ್ಲಿ ಅದೇ ನೀರು "ಎಷ್ಟು ತಂಪು!" ನನಗೆ ಆಗ ಹದಿನಾರು ವರ್ಷ, ನಂಬಲಿಲ್ಲ. ಶಾಲೆಯಿಂದ ಥರ್ಮಾಮೀಟರ್ ಕೇಳಿ ತಂದೆ. ಮೊದಲು ಅದನ್ನು ಬರಿ ದಾರಕ್ಕೆ ಕಟ್ಟಿ ಇಳಿಸಿದೆ; ಮೇಲೆ ಎಳೆಯುವಷ್ಟರಲ್ಲಿ ಪಾದರಸ ಸರಿದುಬಿಡುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊಡಪಾನದೊಳಗೇ ಕಟ್ಟು, ನೀರಿನ ಜೊತೆಗೇ ಬರುತ್ತದೆ ಎಂದು ದಾರಿ ತೋರಿಸಿದವಳೂ ಆಯಿಯೇ. ಹಾಗೆ ಮಾಡಿದೆ. ಜನವರಿಯ ಬೆಳಿಗ್ಗೆ ಅಂಗಳದಲ್ಲಿ 14 ಡಿಗ್ರಿ, ಬಾವಿಯಲ್ಲಿ 24. ಮೇ ತಿಂಗಳ ಮಧ್ಯಾಹ್ನ ಅಂಗಳದಲ್ಲಿ 35, ಬಾವಿಯಲ್ಲಿ 24ರ ಮೇಲೆ ಅರ್ಧ ಗೆರೆ. ಆಯಿ ಹೇಳಿದ್ದು ಸುಳ್ಳಲ್ಲ. ಅವಳ ಕೈ ಹೊರಗಿನ ಹವೆಗೆ ಹೋಲಿಸುತ್ತಿತ್ತು. ಬಾವಿ ಇದ್ದಲ್ಲೇ ಇತ್ತು.

ಕಾರಣ ಸುಲಭ. ಕಲ್ಲಿನೊಳಗೆ ಬಿಸಿ ಬಹಳ ನಿಧಾನ ಇಳಿಯುತ್ತದೆ. ಹಗಲಿನ ಬಿಸಿ ಒಂದು ಮೀಟರಿನೊಳಗೇ ಸಾಯುತ್ತದೆ. ಮೇ ತಿಂಗಳ ಬಿಸಿ ಏಳೆಂಟು ಮೀಟರ್ ಮುಟ್ಟುವಾಗ ಹೊರಗೆ ಚಳಿಗಾಲ ಬಂದಿರುತ್ತದೆ, ಆ ಬಿಸಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಇನ್ನೂ ಕೆಳಗೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ; ಉಳಿಯುವುದು ಸರಾಸರಿ. ಪ್ಯಾರಿಸ್ ವೀಕ್ಷಣಾಲಯದ ನೆಲಮಾಳಿಗೆಯಲ್ಲಿ, 28 ಮೀಟರ್ ಆಳದಲ್ಲಿ, 1783ರಲ್ಲಿ ರಸಾಯನ ವಿಜ್ಞಾನಿ ಲವಾಜಿಯೇ ಕೊಟ್ಟ ಥರ್ಮಾಮೀಟರ್ ಇಟ್ಟರು. ಅಲ್ಲಿ 12ಕ್ಕೆ ಚೂರು ಕಡಿಮೆ, ಆ ಊರಿನ ಸರಾಸರಿಯ ಹತ್ತಿರ. ನಮ್ಮ ಕರಾವಳಿಯ ಸರಾಸರಿ 27ರ ಆಸುಪಾಸು, ಘಟ್ಟದ ಮೇಲೆ ಅದಕ್ಕಿಂತ ಕಡಿಮೆ. ಯಾಣವನ್ನು ಮಾತ್ರ ಇದಕ್ಕೆ ಉದಾಹರಣೆ ಕೊಡಬೇಡಿ, ದಯವಿಟ್ಟು. ಅಲ್ಲಿ ನೆತ್ತಿಯ ಮೇಲೆ ಆಕಾಶ ಕಾಣುತ್ತದೆ, ಗಾಳಿ ಆಡುತ್ತದೆ.

ಸರಾಸರಿ ಏರಿದರೆ ಗುಹೆಯೂ ಏರುತ್ತದೆ, ತಡವಾಗಿ. ಕಳೆದ ನೂರು ವರ್ಷದಲ್ಲಿ ನೆಲದ ಮೇಲೆ ಏರಿದ ಬಿಸಿ ಈಗ ಕಲ್ಲಿನಲ್ಲಿ ನೂರು ಮೀಟರಿನ ಆಸುಪಾಸು ಇಳಿದಿದೆ. ಕೊರೆದ ಬಾವಿಗಳಲ್ಲಿ ಥರ್ಮಾಮೀಟರ್ ಇಳಿಸಿ ಅದನ್ನು ಓದುತ್ತಾರೆ. ಒಂದೆರಡು ವರ್ಷದ ಸೆಖೆ ನೋಡಿ "ಹವಾಮಾನ ಕೆಟ್ಟಿತು" ಎಂದೋ, ಒಂದು ಚಳಿ ನೋಡಿ "ಏನೂ ಆಗಿಲ್ಲ" ಎಂದೋ ವಾದಿಸುವವರು ಈ ಬಾವಿಗಳ ಲೆಕ್ಕ ನೋಡಬೇಕು.

ಸಮಯ ಮುಗಿಯುತ್ತ ಬಂತು, ಹೇಳಲೇಬೇಕಾದದ್ದು ಇನ್ನೊಂದಿದೆ. ನಮ್ಮ ಜಿಲ್ಲೆಯ ಅಕಳಗವಿಯಲ್ಲಿ ಹನಿ ಹನಿಯಾಗಿ ಬೆಳೆದ ಒಂದು ಸುಣ್ಣದ ಕಲ್ಲನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಪದರ ಪದರವಾಗಿ ಪರೀಕ್ಷಿಸಿ, 2004ರಲ್ಲಿ 331 ವರ್ಷದ ಮಳೆಯ ಲೆಕ್ಕ ಪ್ರಕಟಿಸಿದರು. ಆಮ್ಲಜನಕದ ಪರಮಾಣುಗಳಲ್ಲಿ ಹಗುರದ್ದೂ ಇದೆ, ಭಾರದ್ದೂ ಇದೆ; ಮಳೆ ಜೋರಾದ ವರ್ಷದ ಪದರದಲ್ಲಿ ಹಗುರದ್ದರ ಪಾಲು ಹೆಚ್ಚು. ಬಿಸಿ ಬದಲಾದರೂ ಆ ಪಾಲು ಬದಲಾಗುತ್ತದೆ, ಹಾಗಾಗಿ ಗುಹೆಯೊಳಗೆ ಬಿಸಿ ಏರಿಳಿದಿದ್ದರೆ ಈ ಲೆಕ್ಕ ಕಲಸಿಹೋಗುತ್ತಿತ್ತು. ಅಲ್ಲಿ ಸರಾಸರಿಯಷ್ಟೇ ಇದ್ದದ್ದರಿಂದ ಮಳೆಯ ಗುರುತು ಸ್ಪಷ್ಟವಾಗಿ ಉಳಿಯಿತು.

ಗುಹೆಗೆ ಹೋದಾಗ ಆ ಕಲ್ಲುಗಳನ್ನು ಮುರಿದು ಮನೆಗೆ ತರಬೇಡಿ, ಕೈಯನ್ನೂ ಹಚ್ಚಬೇಡಿ. ನಮಸ್ಕಾರ.