ಎಲ್‌ಎಸ್ ಎಂಜಿನ್ ಸ್ವಾಪ್: ಟೆಂಪರೇಚರ್ ಸೆನ್ಸರ್ ಎಲ್ಲಿ ಕೂರಬೇಕು?

ನಮಸ್ಕಾರ ಎಲ್ಲರಿಗೂ. ಸ್ಟ್ಯಾಂಡ್ ಮೇಲೆ ಕಾಣುತ್ತಿದೆಯಲ್ಲ, ಇದು ಜಿಎಂ ಕಂಪನಿಯ 5.3 ಲೀಟರ್ ವಿ8, ಎಲ್‌ಎಂ7; ಎಲ್‌ಎಸ್ ಅನ್ನೋ ಎಂಜಿನ್ ಕುಟುಂಬದ್ದು. 1999ರಿಂದ ಷೆವರ್ಲೆ ಸಿಲ್ವರಾಡೋ ತರದ ಪಿಕಪ್ ಟ್ರಕ್‌ಗಳಲ್ಲಿ ಬರುತ್ತಿದ್ದ ಎಂಜಿನ್. ಇದು ಹೋಗಿ ಕೂರೋದು ಹಿಂದೆ ನಿಂತಿರುವ ಬಿಎಂಡಬ್ಲ್ಯು ಇ36 ಕಾರಿನ ಒಳಗೆ. ಅಮೆರಿಕದ ಡಲ್ಲಾಸ್ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲಿರುತ್ತೆ, ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತೇ ಇರಬೇಕು. ಹಾಗಾಗಿ ಇವತ್ತು ಕುದುರೆ ಬಲದ ಮಾತು ಬೇಡ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಅದರ ಬಿಸಿಯನ್ನು ಎಲ್ಲಿ ಅಳೀಬೇಕು, ಅಷ್ಟೇ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಸೆನ್ಸರ್ ತನ್ನ ತುದಿಗೆ ತಾಗಿದ್ದರ ಬಿಸಿಯನ್ನಷ್ಟೇ ಹೇಳುತ್ತೆ, ಇಡೀ ಎಂಜಿನ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಇಲ್ಲಿ ನೋಡಿ, ಡ್ರೈವರ್ ಕಡೆ, ಅಂದರೆ ಎಡಗಡೆಯ ಸಿಲಿಂಡರ್ ಹೆಡ್‌ನ ಮುಂಭಾಗ. ಎರಡು ವೈರಿನ ಈ ಸೆನ್ಸರ್ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯುಗೆ ಸೇರಿದ್ದು. ಪೆಟ್ರೋಲ್ ಎಷ್ಟು ಬಿಡಬೇಕು, ಫ್ಯಾನ್ ಯಾವಾಗ ಹಾಕಬೇಕು ಅಂತ ಇಸಿಯು ಇದನ್ನು ನೋಡಿಯೇ ತೀರ್ಮಾನ ಮಾಡುತ್ತೆ. ಹಾಕುವ ಮುಂಚೆ ಪರೀಕ್ಷೆ ಮಾಡೋದು ಸುಲಭ. ಮಲ್ಟಿಮೀಟರ್ ಹಚ್ಚಿ, 20 ಡಿಗ್ರಿಯಲ್ಲಿ ಸುಮಾರು 3,500 ಓಮ್ ಬರಬೇಕು. ತುದಿಯನ್ನು ಕುದಿಯುವ ನೀರಲ್ಲಿ ಅದ್ದಿ ಹಿಡಿಯಿರಿ, ಅಂಕಿ ಸರಸರ ಇಳಿದು 180ರ ಆಸುಪಾಸಿಗೆ ಬರುತ್ತೆ. ಬಿಸಿ ಏರಿದಂತೆ ರೆಸಿಸ್ಟನ್ಸ್ ಇಳಿಯಬೇಕು. ಇದೇ ವೈರಿನಿಂದ ಡ್ಯಾಶ್‌ಬೋರ್ಡ್ ಮೀಟರಿಗೂ ಕನೆಕ್ಷನ್ ಎಳೆಯೋಣ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಇಸಿಯು ಆ ವೈರಿನಲ್ಲಿ ತನ್ನದೇ 5 ವೋಲ್ಟ್ ಕಳಿಸುತ್ತಿರುತ್ತೆ, ಇನ್ನೊಂದು ಮೀಟರ್ ಸೇರಿಸಿದರೆ ಎರಡೂ ಸುಳ್ಳು ಹೇಳುತ್ತವೆ.

ಮೀಟರಿಗೆ ಬೇರೆ ಸೆನ್ಸರ್ ಬೇಕು. ಜಾಗವೂ ಇದೆ. ಪ್ಯಾಸೆಂಜರ್ ಕಡೆ, ಅಂದರೆ ಬಲಗಡೆಯ ಹೆಡ್‌ನ ಹಿಂಭಾಗದಲ್ಲಿ, ಎಕ್ಸಾಸ್ಟ್ ಪಕ್ಕ ಒಂದು ಪ್ಲಗ್ ಇದೆಯಲ್ಲ, ಅದರದೂ ಮುಂದಿನ ಸೆನ್ಸರಿನ ಹಾಗೆ ಎಂ12x1.5 ಥ್ರೆಡ್. ಮಾರುಕಟ್ಟೆಯ ಮೀಟರ್‌ಗಳ ಸೆನ್ಸರ್ ಸಾಮಾನ್ಯವಾಗಿ 1/8 ಎನ್‌ಪಿಟಿ (ತುದಿಗೆ ಹೋದಂತೆ ಸಣ್ಣಗಾಗುವ ಪೈಪ್ ಥ್ರೆಡ್), ಅದಕ್ಕೆ ನಡುವೆ ಅಡಾಪ್ಟರ್ ಬೇಕು. ಅಡಾಪ್ಟರ್ ಉದ್ದ ಜಾಸ್ತಿಯಾದರೆ ಸೆನ್ಸರ್ ತುದಿ ಹಿಂದಕ್ಕೆ ಸರಿದು, ನೀರು ಹರಿಯದ ಗುಂಡಿಯಲ್ಲಿ ಕೂತುಬಿಡುತ್ತೆ. ಆಗ ಮೀಟರಿನ ಮುಳ್ಳು ಕಡಿಮೆ ತೋರಿಸುತ್ತೆ, ಅದೂ ತಡವಾಗಿ. ಗಿಡ್ಡ ಅಡಾಪ್ಟರೇ ತಗೊಳ್ಳಿ. ಎಂಜಿನ್ ಕಾರಿನೊಳಗೆ ಇಳಿಸಿದ ಮೇಲೆ ಅಲ್ಲಿಗೆ ಕೈ ಹೋಗಲ್ಲ, ಈಗಲೇ ಹಾಕಿ, ವೈರಿಗೆ ಶಾಖ ತಡೆಯುವ ಸ್ಲೀವ್ ತೊಡಿಸಿ.

ಇನ್ನೊಂದು ಸಣ್ಣ ವಿಷಯ, ಆದರೆ ತುಂಬಾ ಜನರನ್ನು ಸತಾಯಿಸುತ್ತೆ. ಒಂದೇ ವೈರಿನ ಸೆನ್ಸರ್‌ಗೆ ಅರ್ತ್ ಸಿಗೋದು ತನ್ನ ಥ್ರೆಡ್‌ನಿಂದಲೇ. ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ದಪ್ಪ ಮಾಡಿದರೆ ಆ ಸಂಪರ್ಕ ಕೆಡಬಹುದು. ಎನ್‌ಪಿಟಿ ಥ್ರೆಡ್‌ಗೆ ಸ್ವಲ್ಪ ಲಿಕ್ವಿಡ್ ಸೀಲಂಟ್ ಸಾಕು, ಅದೂ ತುದಿಯ ಎರಡು ಸುತ್ತು ಬಿಟ್ಟು. ಹೋಸ್ ಜೋಡಿಸುವ ಎಎನ್ ಫಿಟ್ಟಿಂಗ್‌ನ ಫ್ಲೇರ್‌ಗೆ, ಅಂದರೆ ಅಗಲವಾದ ಬಾಯಿಗೆ, ಏನೂ ಹಚ್ಚಬೇಡಿ. 37 ಡಿಗ್ರಿ ಕೋನದ ಲೋಹಕ್ಕೆ ಲೋಹ ಒತ್ತಿಯೇ ಅದು ಲೀಕ್ ತಡೆಯೋದು.

ಸುಲಭ ಅಂತ ರೇಡಿಯೇಟರ್ ಮೇಲಿನ ಹೋಸ್ ಕತ್ತರಿಸಿ ಅಡಾಪ್ಟರ್ ಕೂರಿಸಿ, ಅದರಲ್ಲಿ ಸೆನ್ಸರ್ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಎರಡೂ ಕಡೆ ರಬ್ಬರ್ ಇರೋದರಿಂದ ಅರ್ತ್‌ಗೆ ಬೇರೆ ವೈರು ಎಳೀಬೇಕು, ಅದು ಹೋಗಲಿ ಬಿಡಿ. ಈ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ವಾಲ್ವ್) ಇರೋದು ವಾಟರ್ ಪಂಪಿನ ಒಳಬರುವ ಬಾಯಿಯಲ್ಲಿ, ಅದು ತೆರೆಯೋ ತನಕ ರೇಡಿಯೇಟರ್ ಹೋಸ್‌ನಲ್ಲಿ ಹರಿವೇ ಇರಲ್ಲ. ಜೊತೆಗೆ ಕೂಲಂಟ್ ಕಡಿಮೆಯಾದರೆ ಮೊದಲು ಖಾಲಿಯಾಗೋದು ಮೇಲಿನ ಹೋಸೇ. ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಾ "ಎಲ್ಲ ಸರಿ ಇದೆ" ಅಂತಿರುತ್ತೆ, ಅತ್ತ ಹೆಡ್ ಕಾದು ಬಾಗುತ್ತಿರುತ್ತೆ. ಮುಳ್ಳು ನಂಬಿ ಗಾಡಿ ಓಡಿಸುವವನಿಗೆ ಇದಕ್ಕಿಂತ ಕೆಟ್ಟದ್ದು ಏನಿದೆ ಹೇಳಿ?

ಹಬೆಯ ವಿಷಯವೂ ಇದಕ್ಕೇ ಸೇರಿದ್ದು. ಹೆಡ್‌ಗಳ ಮೇಲಿನ ಮೂಲೆಗಳಲ್ಲಿ ಈ ಸಣ್ಣ ತೂತುಗಳಿವೆಯಲ್ಲ, ಇವು ಸ್ಟೀಮ್ ಪೋರ್ಟ್. ಹೆಡ್ಡಿನ ಮೇಲೆ ಸಿಕ್ಕಿಕೊಳ್ಳುವ ಹಬೆ, ಗಾಳಿ ಇಲ್ಲಿಂದ ಹೊರಗೆ ಹೋಗಬೇಕು. ಸ್ವಾಪ್ ಮಾಡುವಾಗ ಇವನ್ನು ಸುಮ್ನೆ ಮುಚ್ಚಿಬಿಡಬೇಡಿ. ಮುಂದಿನ ಎರಡನ್ನಾದರೂ ಜೋಡಿಸಿ, ಸಣ್ಣ ಪೈಪಿನಲ್ಲಿ ರೇಡಿಯೇಟರ್ ಮೇಲ್ಭಾಗಕ್ಕೋ ಎತ್ತರದಲ್ಲಿರುವ ಟ್ಯಾಂಕಿಗೋ ಕೊಡಿ. ಇ36 ಬಾನೆಟ್ ತಗ್ಗು, ರೇಡಿಯೇಟರ್ ಎಂಜಿನ್‌ಗಿಂತ ಕೆಳಗೇ ಕೂತರೆ ಟ್ಯಾಂಕ್ ಬೇಕೇ ಬೇಕು.

ಇ36ನ ಸ್ವಂತ ಮೀಟರ್ ಇಟ್ಟುಕೊಳ್ಳಬಹುದಾ? ನೋಡೋಕೆ ಚೆನ್ನಾಗಿರುತ್ತೆ, ನಿಜ. ಆದರೆ ಬಿಸಿ ಸ್ವಲ್ಪ ಏರಿಳಿದರೂ ಅದರ ಮುಳ್ಳು ಮಧ್ಯ ಬಿಟ್ಟು ಅಲುಗಲ್ಲ. ಅಂಕಿ ತೋರಿಸುವ ಮೀಟರ್ ಒಂದು ಹೆಚ್ಚಿಗೆ ಹಾಕಿ.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಈ ಮಿಶ್ರಣ 15 ಪಿಎಸ್‌ಐ ಒತ್ತಡ ಹಿಡಿದಿಡುವ ಕ್ಯಾಪ್ ಇದ್ದರೆ ಸುಮಾರು 130 ಡಿಗ್ರಿ ತನಕ ಕುದಿಯಲ್ಲ. ಸ್ಟಾರ್ಟ್ ಮಾಡಿದ ಮೇಲೆ ಸ್ಕ್ಯಾನರ್ ಹಾಕಿ, ಇಸಿಯು ಹೇಳುವ ಅಂಕಿಯನ್ನೂ ಮೀಟರಿನ ಅಂಕಿಯನ್ನೂ ಒಟ್ಟಿಗೆ ನೋಡಿ. ಹಿಂದೆ ಮುಂದೆ ಕೆಲವು ಡಿಗ್ರಿ ವ್ಯತ್ಯಾಸ ಸಹಜ. ವ್ಯತ್ಯಾಸ ತುಂಬಾ ಇದ್ದರೆ ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಲೆವೆಲ್ ನೋಡಿ, ಆಮೇಲೆ ಅರ್ತ್, ಕೊನೆಗೆ ಅಡಾಪ್ಟರ್.