ಅಗಾಥೋಸ್ ಡೈಮೋನ್: ಗ್ರೀಕರ ಮನೆ ಕಾಯುತ್ತಿದ್ದ ಸರ್ಪದೈವ

[ದೃಶ್ಯ: ಗ್ರೀಕ್ ಹೂಜಿಯ ಮೇಲಿನ ಔತಣಕೂಟದ ಚಿತ್ರ]

ನಮಸ್ಕಾರ. ಗ್ರೀಕ್ ಪುರಾಣದ ಹಾವುಗಳೆಂದರೆ ಅಪೊಲೊ ಕೊಂದ ಪೈಥಾನ್ ಮತ್ತು ಹೆರಾಕ್ಲೀಸ್ ತಲೆ ತರಿದ ಹೈಡ್ರಾ ಮೊದಲು ನೆನಪಾಗುತ್ತವೆ. ಆದರೆ ಯಾವ ವೀರನೂ ಕೊಲ್ಲಲು ಹೊರಡದ, ಜನರು ಮನೆಯಲ್ಲೇ ನೆನೆದು ಗೌರವಿಸುತ್ತಿದ್ದ ಸರ್ಪದೈವವೂ ಅವರಲ್ಲಿತ್ತು. ಅದೇ ಅಗಾಥೋಸ್ ಡೈಮೋನ್, ಅಂದರೆ ಒಳ್ಳೆಯ ದೈವ.

ಗ್ರೀಕರು ದ್ರಾಕ್ಷಾರಸವನ್ನು ಸಾಮಾನ್ಯವಾಗಿ ನೀರು ಬೆರೆಸಿಯೇ ಕುಡಿಯುತ್ತಿದ್ದರು. ಊಟ ಮುಗಿದು ಪಾನಗೋಷ್ಠಿ ಆರಂಭವಾಗುವ ಮೊದಲು ಮಾತ್ರ, ನೀರು ಸೇರಿಸದ ರಸವನ್ನು ಈ ದೈವದ ಹೆಸರಿನಲ್ಲಿ ಅರ್ಪಿಸಿ, ಒಂದು ಗುಟುಕು ಸವಿಯುತ್ತಿದ್ದರು. ಅಥೆನ್ಸಿನಲ್ಲಿ ಪ್ರತಿ ತಿಂಗಳ ಎರಡನೆಯ ದಿನ ಈ ದೈವಕ್ಕೆ ಮೀಸಲಾಗಿತ್ತು. ಶಿಲ್ಪಗಳಲ್ಲಿ ಇದು ಕೆಲವೆಡೆ ಸಮೃದ್ಧಿಯ ಕೊಂಬು ಹಿಡಿದ ಪುರುಷನಾಗಿ, ಕೆಲವೆಡೆ ಹಾವಾಗಿ ಕಾಣಿಸಿಕೊಳ್ಳುತ್ತದೆ. ಉಗ್ರಾಣದ ಕಾಳನ್ನು ಇಲಿಗಳಿಂದ ಉಳಿಸುವ ಹಾವಿನಲ್ಲಿ ರೈತಕುಟುಂಬಗಳು ರಕ್ಷಕನನ್ನು ಕಂಡದ್ದು ನನಗೆ ಸಹಜವೆನಿಸುತ್ತದೆ. ಮನೆಯ ಸ್ವತ್ತನ್ನು ಕಾಯುವ ಜ಼ೂಸ್ ಕ್ಟೇಸಿಯೋಸ್‌ನನ್ನೂ ಥೆಸ್ಪಿಯೈ ಊರಿನ ಒಂದು ಉಬ್ಬುಶಿಲ್ಪ ಹಾವಿನ ರೂಪದಲ್ಲಿಯೇ ತೋರಿಸುತ್ತದೆ.

[ದೃಶ್ಯ: ಅಲೆಕ್ಸಾಂಡ್ರಿಯದ ನಕ್ಷೆ]

ಈ ದೈವದ ನಿಜವಾದ ವೈಭವವನ್ನು ಕಾಣಲು ಈಜಿಪ್ಟಿಗೆ ಹೋಗಬೇಕು. ಕ್ರಿ.ಪೂ. 331ರಲ್ಲಿ ಸ್ಥಾಪನೆಯಾದ ಅಲೆಕ್ಸಾಂಡ್ರಿಯದ ಬಗ್ಗೆ ಒಂದು ಐತಿಹ್ಯವಿದೆ. ನಗರ ಕಟ್ಟುತ್ತಿದ್ದ ಕೆಲಸಗಾರರನ್ನು ಒಂದು ಹಾವು ಪದೇಪದೇ ಬೆದರಿಸುತ್ತಿತ್ತು. ಅಲೆಕ್ಸಾಂಡರನ ಆಜ್ಞೆಯಂತೆ ಅದನ್ನು ಕೊಂದರು. ಬಳಿಕ ಅವನೇ ಅದಕ್ಕೊಂದು ಗುಡಿ ಕಟ್ಟಿಸಿದ. ಆ ಗುಡಿಯ ಬಾಗಿಲಿನ ಮೇಲ್ತೊಲೆಯನ್ನು ಕೂರಿಸುವಾಗ ಹಲವಾರು ಹಾವುಗಳು ಹೊರಬಂದು, ಆಗಲೇ ಎದ್ದಿದ್ದ ಮನೆಗಳೊಳಗೆ ಹರಿದುಹೋದವಂತೆ. ಅವು ವಿಷವಿಲ್ಲದವು, ವಿಷದ ಹಾವುಗಳನ್ನು ಓಡಿಸುವಂಥವು ಎಂದು ನಂಬಿದ ಜನರು ಅವುಗಳನ್ನು ಒಳ್ಳೆಯ ದೈವಗಳೆಂದು ಕರೆದು, ವರ್ಷದ ಒಂದು ಗೊತ್ತಾದ ದಿನ ಗೋಧಿಯ ಗಂಜಿ ಬಡಿಸುತ್ತಿದ್ದರು. ಕೊಂದ ಹಾವಿಗೇ ಗುಡಿ ಕಟ್ಟುವ ಈ ಕಥೆಯಲ್ಲಿ, ನೆಲಕ್ಕೆ ಮೊದಲೇ ಒಡೆಯನಿದ್ದಾನೆ ಎಂಬ ಹೊಸ ನಿವಾಸಿಗಳ ಒಪ್ಪಿಗೆ ನನಗೆ ಕೇಳಿಸುತ್ತದೆ.

ಈಜಿಪ್ಟಿನಲ್ಲಿ ಮನುಷ್ಯರ ಹಣೆಬರಹವನ್ನು ನಿರ್ಧರಿಸುವ ಶಾಯ್ ಎಂಬ ದೇವತೆಯಿದ್ದನು. ಗ್ರೀಕರ ಸರ್ಪದೈವ ಅವನೊಂದಿಗೆ ಬೆರೆತುಹೋಯಿತು; ಸುಗ್ಗಿಯ ಸರ್ಪದೇವಿ ಥರ್ಮೂಥಿಸಳ ರೂಪ ತಾಳಿದ ಈಜಿಪ್ಟಿನ ದೇವಿ ಐಸಿಸ್ ಅದರ ಜೊತೆಗಾತಿಯಾದಳು. ರೋಮಿನ ಆಳ್ವಿಕೆಯಲ್ಲಿ ಸಾಮ್ರಾಟ ನೀರೋ ಅಲೆಕ್ಸಾಂಡ್ರಿಯದ ನಾಣ್ಯಗಳಲ್ಲಿ ತನ್ನನ್ನು ಹೊಸ ಅಗಾಥೋಸ್ ಡೈಮೋನ್ ಎಂದು ಕರೆಸಿಕೊಂಡನು. ಆ ನಾಣ್ಯದ ಹಿಂಬದಿಯಲ್ಲಿ ಗೋಧಿಯ ತೆನೆ ಮತ್ತು ಗಸಗಸೆಯ ಕಾಯಿಗಳ ನಡುವೆ ಕಿರೀಟ ಧರಿಸಿದ ಹಾವು ಎದ್ದು ನಿಂತಿದೆ.

[ದೃಶ್ಯ: ಕೋಮ್ ಎಲ್ ಶೊಕಾಫಾ ಸಮಾಧಿಯ ಬಾಗಿಲು]

ಇದೇ ನಗರದ ಕೋಮ್ ಎಲ್ ಶೊಕಾಫಾ ಎಂಬ ನೆಲದಡಿಯ ಸಮಾಧಿ 1900ರಲ್ಲಿ ಬೆಳಕಿಗೆ ಬಂತು. ಕ್ರಿ.ಶ. 2ನೆಯ ಶತಮಾನದ ಇದರ ಮುಖ್ಯ ಕೋಣೆಯ ಬಾಗಿಲಿನ ಎಡಬಲಗಳಲ್ಲಿ ಎರಡು ಗಡ್ಡದ ಹಾವುಗಳನ್ನು ಕೆತ್ತಲಾಗಿದೆ. ತಲೆಯ ಮೇಲಿರುವುದು ಫೇರೋಗಳ ಜೋಡಿ ಕಿರೀಟ. ಸುರುಳಿಯಲ್ಲಿ ಹಿಡಿದಿರುವುದು ದೇವದೂತ ಹರ್ಮಿಸ್‌ನ ದಂಡ ಮತ್ತು ದ್ರಾಕ್ಷಾರಸದ ದೇವರಾದ ಡಯೊನೈಸಸ್‌ನ ಕೋಲು. ಪ್ರತಿ ಹಾವಿನ ಮೇಲೂ, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳ ಮುಖವಿರುವ ಗುರಾಣಿಯಿದೆ. ಗೋರಿ ಕದಿಯಲು ಬಂದವನನ್ನು ಹೆದರಿಸುವ ಕೆಲಸ ಮೆಡೂಸಾಳದ್ದಾದರೆ, ಒಳಗೆ ಮಲಗಿದವರನ್ನು ಕಾಪಾಡುವ ಹೊಣೆ ಈ ಹಾವುಗಳದ್ದು. ಬದುಕಿದ್ದಾಗ ಮನೆಯನ್ನು ಕಾಯ್ದ ದೈವವನ್ನು ಈ ಗೋರಿ ಕಟ್ಟಿಸಿದ ಕುಟುಂಬ ಸಮಾಧಿಯ ಕಾವಲಿಗೂ ನೇಮಿಸಿತ್ತು.