ಎಣ್ಣೆ ಬಟ್ಟಲು ಹಿಡಿದು ಬಂದವರು

ಎಲ್ಲರಿಗೂ ನಮಸ್ಕಾರ.

ನಮ್ಮಮ್ಮ ಹಾಸಿಗೆ ಹಿಡಿದಿದ್ದಾಗ ಮನೆಗೆ ತುಂಬಾ ಜನ ಬರುತ್ತಿದ್ದರು. ಒಳ್ಳೆಯ ಜನವೇ. 'ಎಲ್ಲಾ ದೇವರ ಚಿತ್ತ' ಎನ್ನುತ್ತಿದ್ದರು. ಅವರು ಎದ್ದು ಹೋದ ಮೇಲೆ ಅಮ್ಮ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ನಮ್ಮ ಚರ್ಚಿನ ಸಭೆಯ ಒಬ್ಬ ಅಜ್ಜಿ ಮಾತ್ರ ಏನೂ ಹೇಳುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಅಮ್ಮನ ಪಾದಕ್ಕೆ ತಿಕ್ಕುತ್ತಿದ್ದರು. ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಸಂಜೆಯಾದರೆ ಸಾಕು, ಅಮ್ಮನ ಕಣ್ಣು ಬಾಗಿಲ ಮೇಲಿರುತ್ತಿತ್ತು.

ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನು ನೆನೆಯಿರಿ. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. 'ನೀನೇನೋ ತಪ್ಪು ಮಾಡಿರಬೇಕು' ಎಂದು ವಾದಕ್ಕೆ ನಿಂತರು. ದೇವರು ಯೋಬನನ್ನೂ ಪ್ರಶ್ನೆ ಕೇಳಿದನು, ನಿಜ. ಆದರೆ ಕೊನೆಗೆ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದು ಆ ಗೆಳೆಯರಿಗೇ ಹೇಳಿದನು. ಗೋಳಾಡಿದವನ ಮಾತು ದೇವರಿಗೆ ಹಿಡಿಸಿತು. ನನಗೆ ಇದು ದೊಡ್ಡ ಸಮಾಧಾನ.

ಫಾದರ್ ಡೇಮಿಯನ್ ಬಗ್ಗೆ ಕೆಲವರಾದರೂ ಕೇಳಿರುತ್ತೀರಿ. ಬೆಲ್ಜಿಯಂನವರು. 1873ರಲ್ಲಿ, 33ನೇ ವಯಸ್ಸಿನಲ್ಲಿ, ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋದರು. ಕುಷ್ಠ ಬಂದವರನ್ನು ಮನೆಯವರಿಂದ ಕಿತ್ತು ತಂದು ಬಿಡುತ್ತಿದ್ದ ಜಾಗ ಅದು. ಆಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ಡೇಮಿಯನ್ ಹುಣ್ಣು ತೊಳೆದರು, ಮನೆ ಕಟ್ಟಿದರು, ತಾವೇ ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ವಾಸನೆ ತಡೆಯಲಾಗದೆ ಪೈಪ್ ಸೇದುವುದನ್ನು ರೂಢಿ ಮಾಡಿಕೊಂಡರು. ಅವರೂ ಮನುಷ್ಯರೇ ಅಲ್ವಾ? ಚರ್ಚಿನ ಪ್ರಸಂಗದಲ್ಲಿ 'ಸಹೋದರರೇ' ಎನ್ನದೆ, 'ಕುಷ್ಠರೋಗಿಗಳಾದ ನಾವು' ಎನ್ನುತ್ತಿದ್ದರು. ಆಗಿನ್ನೂ ಅವರಿಗೆ ರೋಗ ಬಂದಿರಲಿಲ್ಲ. 1884ರ ಡಿಸೆಂಬರ್‌ನಲ್ಲಿ ಒಂದು ದಿನ ಸುಡುವ ನೀರಿಗೆ ಕಾಲಿಟ್ಟರು. ಬಿಸಿ ತಾಗಲೇ ಇಲ್ಲ; ಕುಷ್ಠ ಬಂದರೆ ಮೈ ಮರಗಟ್ಟುತ್ತದೆ. ಆ 'ನಾವು' ಅವರ ಮೈಗೇ ಬಂದಿತ್ತು. 1889ರ ಏಪ್ರಿಲ್ 15ರಂದು ಅಲ್ಲೇ ತೀರಿಕೊಂಡರು. ಮರುವರ್ಷ ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ತೆರೆದರು.

ಡೇಮಿಯನ್ ಆ ಜನರಿಗೆ ಕಷ್ಟದ ಕಾರಣ ಬಿಡಿಸಿ ಹೇಳಲಿಲ್ಲ. ಅವರ ನಡುವೆ ಒಬ್ಬರಾದರು. ಕ್ರಿಸ್ತನೂ ಹಾಗೇ ಬಂದನು ಎಂದು ನಾನು ನಂಬುತ್ತೇನೆ. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ನಿಂತಾಗ, ಇನ್ನೊಂದು ಗಳಿಗೆಯಲ್ಲಿ ಅವನನ್ನು ಎಬ್ಬಿಸುತ್ತೇನೆ ಎಂದು ಯೇಸುವಿಗೆ ಗೊತ್ತಿತ್ತು. ಆದರೂ ಕಣ್ಣೀರು ಬಿಟ್ಟನು. 'ಅಳಬೇಡಿ, ನಿರೀಕ್ಷೆ ಇಡಿ' ಎನ್ನುತ್ತೇವಲ್ಲ ನಾವು, ಅವೆರಡೂ ಬೇರೆ ಬೇರೆ ಎಂಬಂತೆ! ಯೇಸು ತಾನು ಸತ್ತು ಎದ್ದು ಬಂದ ಮೇಲೂ ಶಿಷ್ಯ ತೋಮನಿಗೆ ತೋರಿಸಿದ್ದು ಮೊಳೆಯ ಗಾಯವನ್ನೇ. ಪುನರುತ್ಥಾನ ಆ ಗಾಯವನ್ನು ಅಳಿಸಿರಲಿಲ್ಲ.

ಅಮ್ಮ ಹೋದ ದಿನ ಆ ಅಜ್ಜಿ ಎಂದಿನಂತೆ ಎಣ್ಣೆ ಬಟ್ಟಲು ಹಿಡಿದೇ ಬಂದರು. ಬಾಗಿಲಲ್ಲಿ ಚಪ್ಪಲಿ ರಾಶಿ ನೋಡಿ ಗೊತ್ತಾಗಿರಬೇಕು. ಒಳಗೆ ಬಂದು ಕೂತರು. ತಣ್ಣಗಾಗಿದ್ದ ಪಾದಕ್ಕೆ ನಿಧಾನವಾಗಿ ಎಣ್ಣೆ ತಿಕ್ಕಿದರು. ಯಾರೋ 'ಇನ್ಯಾಕಮ್ಮಾ' ಎಂದರು.

'ಈ ಕಾಲಲ್ಲೇ ಅಲ್ವಾ ಎದ್ದು ನಡೀಬೇಕು' ಎಂದರು ಅಜ್ಜಿ, ಅಳುತ್ತಲೇ.